ಡ್ಯೂಟಿ ಚಾರ್ಟಿನೊಳಗಿನ ಕಾಯಿಲೆ

ಮನಸ್ಸಿನ ಕಾಯಿಲೆಯನ್ನು ಗುರುತಿಸಲು ಮನೋವೈದ್ಯರೇ ಬೇಕೆಂದಿಲ್ಲ, ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತೆಗೂ ಅದನ್ನು ಕಲಿಸಬಹುದು ಎಂದು ದೇಶಕ್ಕೆ ತೋರಿಸಿಕೊಟ್ಟವರಲ್ಲಿ ಕರ್ನಾಟಕದವರು ಮುಂದಿದ್ದರು. 1974ರ ಡಿಸೆಂಬರಿನಲ್ಲಿ ನಿಮ್ಹಾನ್ಸ್ ಹುಟ್ಟಿತು. ಮರುವರ್ಷವೇ ಅಲ್ಲೊಂದು ಸಮುದಾಯ ಮನೋವೈದ್ಯಕೀಯ ಘಟಕ ಶುರುವಾಗಿ, ಬೆಂಗಳೂರಿನಾಚೆಯ ಸಕಲವಾರದಲ್ಲಿ ಅದರ ಹಳ್ಳಿ ಕೇಂದ್ರ ತೆರೆಯಿತು. ಅದನ್ನು ಕಟ್ಟಿದ ಡಾ. ಆರ್.ಎಲ್. ಕಪೂರ್ ಅದಕ್ಕೆ ಮೊದಲೇ ಆಗಿನ ದಕ್ಷಿಣ ಕನ್ನಡದ ಕೋಟದಲ್ಲಿ ಮನೆಮನೆ ಸುತ್ತಿ, ಯಾವ ಆಸ್ಪತ್ರೆಯ ಲೆಕ್ಕಕ್ಕೂ ಸಿಗದ ಮನೋವ್ಯಥೆ ಹಳ್ಳಿಗಳಲ್ಲಿ ಎಷ್ಟಿದೆ ಎಂದು ಕಂಡವರು. ಇಷ್ಟು ಜನಕ್ಕೆ ಮನೋವೈದ್ಯರನ್ನು ತರುವುದು ಎಲ್ಲಿಂದ? ಬಿಪಿ ನೋಡುವ, ಚುಚ್ಚುಮದ್ದು ಹಾಕುವ ಕಾರ್ಯಕರ್ತರನ್ನೇ ಕೂರಿಸಿ ಕಲಿಸಿದರೆ ಹೇಗೆ? ಮೋಹನ್ ಐಸಾಕ್, ಕನ್ನಡ ಓದುಗರಿಗೆಲ್ಲ ಗೊತ್ತಿರುವ ಸಿ.ಆರ್. ಚಂದ್ರಶೇಖರ್ ಮೊದಲಾದವರು ಆ ಪಾಠಕ್ರಮವನ್ನು ಕಟ್ಟಿ, ಪರೀಕ್ಷಿಸಿ ನೋಡಿದರು. ಅದೇ ಹೊತ್ತಿಗೆ ಚಂಡೀಗಢದವರು ರಾಯ್‌ಪುರ್ ರಾಣಿಯಲ್ಲಿ ಇಂಥದ್ದೇ ಪ್ರಯೋಗ ನಡೆಸಿದ್ದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಲ್ಲಿ ಇಡೀ ಬಳ್ಳಾರಿ ಜಿಲ್ಲೆಯನ್ನೇ ಪ್ರಯೋಗಕ್ಕೆ ತೆಗೆದುಕೊಂಡರು. ಇವತ್ತು ದೇಶದಲ್ಲಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಅಚ್ಚು.

ಅದು ದೊಡ್ಡ ಶೋಧ. ಆದರೆ ಅದರ ನೋಟ ಒಂದೇ ದಿಕ್ಕಿಗಿತ್ತು. ಕಲಿಯುವವಳು ನೋಡುವವಳು, ಹಳ್ಳಿಯವರು ನೋಡಿಸಿಕೊಳ್ಳುವವರು. ಹೆರಿಗೆ ಕೋಣೆಯಲ್ಲಿ ಮೊದಲ ಸಾವನ್ನು ಕಂಡು ರಾತ್ರಿಯೆಲ್ಲ ನಿದ್ದೆ ಬಾರದ ಎಎನ್‌ಎಂ ವಿದ್ಯಾರ್ಥಿನಿ, ಎರಡು ದಿನ ಒಂದೇ ಬಟ್ಟೆಯಲ್ಲಿ ಡ್ಯೂಟಿ ಮಾಡಿದ ಹೌಸ್ ಸರ್ಜನ್ ಆ ನೋಟಕ್ಕೆ ಬೀಳಲಿಲ್ಲ. ಅವರಿಗೆ ಆಗುತ್ತಿರುವುದೇನು ಎಂದು ಕಂಡುಹಿಡಿದವರು ಬೇರೆ ಊರಿನವರು. ಅವರು ಹುಡುಕಲು ಹೊರಟದ್ದು ಬೇರೇನನ್ನೋ.

1950ರ ದಶಕದ ಕೊನೆಗೆ ಲಂಡನ್ನಿನ ಒಂದು ದೊಡ್ಡ ಬೋಧನಾ ಆಸ್ಪತ್ರೆ ಟ್ಯಾವಿಸ್ಟಾಕ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯ ಸಹಾಯ ಕೇಳಿತು. ಸಮಸ್ಯೆ ಶುದ್ಧ ಲೆಕ್ಕಾಚಾರದ್ದು. ಆಸ್ಪತ್ರೆಯ ಸುಮಾರು 700 ಜನ ನರ್ಸಿಂಗ್ ಸಿಬ್ಬಂದಿಯಲ್ಲಿ ತರಬೇತಿ ಮುಗಿಸಿದವರು 150ರ ಆಸುಪಾಸು, ಉಳಿದವರೆಲ್ಲ ವಿದ್ಯಾರ್ಥಿನಿಯರು. ಅಂದರೆ ಆಸ್ಪತ್ರೆ ನಡೆಯುತ್ತಿದ್ದುದೇ ಕಲಿಯುವವರ ರಟ್ಟೆಯ ಮೇಲೆ. ನಾಲ್ಕು ವರ್ಷದ ಕೋರ್ಸಿನಲ್ಲಿ ಅವರಿಗೆ ಮೆಡಿಕಲ್ ವಾರ್ಡ್, ಸರ್ಜಿಕಲ್ ವಾರ್ಡ್, ಮಕ್ಕಳ ವಾರ್ಡ್ ಎಂದು ಕ್ರಮವಾಗಿ ಅನುಭವ ಸಿಗಬೇಕು. ಆದರೆ ಯಾವ ವಾರ್ಡಿನಲ್ಲಿ ಕೈ ಕಡಿಮೆಯಾಯಿತೋ ಅಲ್ಲಿಗೆ ಅವರನ್ನು ಓಡಿಸಲೇಬೇಕು. ಪಾಠಕ್ಕೂ ಡ್ಯೂಟಿಗೂ ತಾಳೆಯಾಗುತ್ತಿರಲಿಲ್ಲ. ತರಬೇತಿಯ ಕ್ರಮವೇ ಕುಸಿದುಬಿಟ್ಟೀತೆಂಬ ದಿಗಿಲು ಆಡಳಿತಕ್ಕೆ. ಪೋಸ್ಟಿಂಗ್ ಪಟ್ಟಿಯನ್ನು ಸರಿಯಾಗಿ ಹೊಂದಿಸಲು ಒಂದು ಉಪಾಯ ಹೇಳಿಕೊಡಿ ಎಂಬುದು ಅವರ ಕೋರಿಕೆ.

ಕೆಲಸ ವಹಿಸಿಕೊಂಡವರು ಇಸಬೆಲ್ ಮೆಂಜೀಸ್. 1917ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಆಕೆ ಮೊದಲು ಓದಿದ್ದು ಅರ್ಥಶಾಸ್ತ್ರ ಮತ್ತು ಮನಶ್ಶಾಸ್ತ್ರ, ಆಮೇಲೆ ಮನೋವಿಶ್ಲೇಷಣೆ. ಟ್ಯಾವಿಸ್ಟಾಕ್‌ನವರಿಗೆ ಇಂಥ ಒಗಟು ಹೊಸದಲ್ಲ. ಅಲ್ಲಿನ ಎರಿಕ್ ಟ್ರಿಸ್ಟ್ ಮತ್ತು ಗಣಿ ಕೆಲಸದಿಂದಲೇ ಬಂದಿದ್ದ ಕೆನ್ ಬ್ಯಾಮ್‌ಫರ್ತ್ 1951ರಲ್ಲಿ ಕಲ್ಲಿದ್ದಲು ಗಣಿಗಳ ಬಗ್ಗೆ ಬರೆದಿದ್ದರು. ಹೊಸ ಯಂತ್ರ ಬಂದ ಮೇಲೆ ಗಣಿಯ ಕೆಲಸಗಾರರು ಯಾಕೆ ಹೆಚ್ಚು ಗೈರುಹಾಜರಾಗುತ್ತಾರೆ, ಯಾಕೆ ಕಾಯಿಲೆ ಬೀಳುತ್ತಾರೆ ಎಂಬ ಪ್ರಶ್ನೆಗೆ ಅವರು ಉತ್ತರ ಹುಡುಕಿದ್ದು ಯಂತ್ರದಲ್ಲಲ್ಲ, ಕೆಲಸಗಾರರ ಸ್ವಭಾವದಲ್ಲೂ ಅಲ್ಲ. ಹಳೆಯ ಸಣ್ಣ ಗುಂಪುಗಳನ್ನು ಒಡೆದ ಹೊಸ ಕೆಲಸದ ಹಂಚಿಕೆಯಲ್ಲಿ. ಮೆಂಜೀಸ್ ಆಸ್ಪತ್ರೆಗೆ ಹೋದದ್ದು ಈ ಕಣ್ಣನ್ನಿಟ್ಟುಕೊಂಡು.

ಸುಮಾರು 70 ನರ್ಸ್‌ಗಳ ಜೊತೆ, ಒಬ್ಬೊಬ್ಬರಾಗಿ ಅಥವಾ ಚಿಕ್ಕ ಗುಂಪುಗಳಾಗಿ, ಆಕೆ ಮಾತಾಡಿದರು. ವೈದ್ಯರನ್ನೂ ಆಡಳಿತದವರನ್ನೂ ಕೇಳಿದರು, ವಾರ್ಡುಗಳಲ್ಲಿ ನಿಂತು ನೋಡಿದರು. ಮಾತು ಪೋಸ್ಟಿಂಗಿನಿಂದ ಶುರುವಾಗಿ ಇನ್ನೆಲ್ಲಿಗೋ ಜಾರುತ್ತಿತ್ತು. ಈ ಹುಡುಗಿಯರು ಇಷ್ಟೊಂದು ಆತಂಕವನ್ನು ಹೊತ್ತುಕೊಂಡು ದಿನ ಕಳೆಯುವುದಾದರೂ ಹೇಗೆ ಎಂದು ಆಕೆಗೆ ಅಚ್ಚರಿಯಾಯಿತು. ಹಲವರು ಕಳೆಯುತ್ತಿರಲಿಲ್ಲ ಎಂಬುದೂ ಗೊತ್ತಾಯಿತು. ವಿದ್ಯಾರ್ಥಿನಿಯರಲ್ಲಿ ಮೂರನೇ ಒಂದು ಭಾಗದಷ್ಟು ಜನ ತರಬೇತಿ ಮುಗಿಸದೆ ಹೊರಟುಹೋಗುತ್ತಿದ್ದರು, ಬಹುಪಾಲು ತಾವಾಗಿಯೇ. ಸಣ್ಣಪುಟ್ಟ ಕಾಯಿಲೆಗೆ ರಜೆ ಹಾಕುವುದು ವಿಪರೀತ. ಹಿರಿಯ ನರ್ಸ್‌ಗಳೂ ಮೇಲಿಂದ ಮೇಲೆ ಕೆಲಸ ಬದಲಾಯಿಸುತ್ತಿದ್ದರು.

ಇಲ್ಲಿಯವರೆಗೆ ಯಾರಾದರೂ ಹೇಳಬಹುದಿತ್ತು: ಸಾವು, ನೋವು, ಕೀವು, ಮಲಮೂತ್ರಗಳ ನಡುವೆ 18–20ರ ಹುಡುಗಿಯರು, ಭಯ ಸಹಜ. ಮೆಂಜೀಸ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಭಯ ಕೆಲಸದಿಂದಲೇ ಬರುತ್ತದೆ ಸರಿ, ಆದರೆ ಅದು ಇಷ್ಟು ಎತ್ತರಕ್ಕೆ ಏರುವುದು ಯಾಕೆ? ಆ ಭಯವನ್ನು ಅಡಗಿಸಲೆಂದು ಆಸ್ಪತ್ರೆ ತಲೆಮಾರುಗಳಿಂದ ಮಾಡಿಕೊಂಡು ಬಂದ ವ್ಯವಸ್ಥೆಯ ಕಡೆಗೆ ಆಕೆ ತಿರುಗಿದರು.

ಆ ವ್ಯವಸ್ಥೆ ನಮಗೆ ಅಪರಿಚಿತವಲ್ಲ. ಒಬ್ಬ ನರ್ಸ್‌ಗೆ ಒಬ್ಬ ರೋಗಿ ಎಂಬುದಿಲ್ಲ. ಒಬ್ಬಳಿಗೆ ಇಡೀ ವಾರ್ಡಿನ ಜ್ವರ ನೋಡುವ ಕೆಲಸ, ಇನ್ನೊಬ್ಬಳಿಗೆ ಎಲ್ಲರ ಹಾಸಿಗೆ ಬದಲಾಯಿಸುವ ಕೆಲಸ. ಪಟ್ಟಿಯಲ್ಲಿರುವ ಕೆಲಸವನ್ನು ಮೂವತ್ತು ಜನಕ್ಕೆ ಚೂರುಚೂರು ಮಾಡಿದರೆ ಯಾರ ಹತ್ತಿರವೂ ನಿಲ್ಲಬೇಕಾಗುವುದಿಲ್ಲ. ರೋಗಿಯನ್ನು ಹೆಸರಿನಿಂದ ಕರೆಯುವುದಿಲ್ಲ, ಹಾಸಿಗೆಯ ನಂಬರಿನಿಂದಲೋ ಕೆಟ್ಟುಹೋದ ಅಂಗದಿಂದಲೋ ಕರೆಯುತ್ತಾರೆ. ಹತ್ತನೇ ಬೆಡ್ಡಿನಲ್ಲಿ ಮಲಗಿರುವುದು ಮನುಷ್ಯನಲ್ಲ, ಲಿವರ್. ನಮ್ಮಲ್ಲೂ ತಾಯಿಯೊಬ್ಬಳು 'ಸಿಸೇರಿಯನ್ ಕೇಸ್' ಆಗಲು ಎಷ್ಟು ಹೊತ್ತು ಬೇಕು? ಯೂನಿಫಾರ್ಮ್ ಹಾಕಿದ ಮೇಲೆ ಹುಡುಗಿಯರೂ ಒಬ್ಬರಂತೆ ಇನ್ನೊಬ್ಬರು. ಒಬ್ಬಳನ್ನು ತೆಗೆದು ಇನ್ನೊಬ್ಬಳನ್ನು ಹಾಕಬಹುದು. ಇದ್ದಕ್ಕಿದ್ದಂತೆ ವಾರ್ಡ್ ಬದಲಾಯಿಸಿದರೆ ಗೊಣಗಬಾರದು; ಬೇಸರ ಮಾಡಿಕೊಳ್ಳದವಳೇ ಒಳ್ಳೆಯ ನರ್ಸ್. ಮಲಗಿರುವ ರೋಗಿಯನ್ನು ನಸುಕಿನಲ್ಲೇ ಎಬ್ಬಿಸಿ ಮುಖ ತೊಳೆಸುವಂಥ ಕೆಲಸಗಳು ಯಾರಿಗೂ ಅರ್ಥವಾಗದಿದ್ದರೂ ನಡೆದೇ ನಡೆಯುತ್ತವೆ, ಏಕೆಂದರೆ ಹಾಗೆ ಮಾಡಿಕೊಂಡು ಬಂದಿದೆ. ಒಂದು ಸಣ್ಣ ನಿರ್ಧಾರಕ್ಕೂ ಎರಡು ಸಲ, ಮೂರು ಸಲ ಮೇಲಿನವರನ್ನು ಕೇಳಬೇಕು.

ಇವೆಲ್ಲ ಒಂದೊಂದಾಗಿ ನೋಡಿದರೆ ಶಿಸ್ತು. ಒಟ್ಟಿಗೆ ನೋಡಿದಾಗ ಮೆಂಜೀಸ್‌ಗೆ ಕಂಡದ್ದು ಬೇರೆ: ನರ್ಸ್ ರೋಗಿಯ ಹತ್ತಿರ ಬಾರದಂತೆ, ಬಂದರೂ ಮನಸ್ಸಿಗೆ ತಾಗದಂತೆ, ತಾಗಿದರೂ ಹೇಳಿಕೊಳ್ಳದಂತೆ ಕಟ್ಟಿದ ಗೋಡೆ. ಗೋಡೆ ಕಟ್ಟಿದವರು ಯಾರೂ ಕೆಟ್ಟವರಲ್ಲ. ಬೇಕೆಂದು ಕಟ್ಟಿದ್ದೂ ಅಲ್ಲ. ಆದರೆ ಅದರ ಬೆಲೆಯನ್ನು ಕಲಿಯುವವರು ತೆರುತ್ತಿದ್ದರು. ಭಯವನ್ನು ಎದುರಿಸಿ ನೋಡಲು ಬಿಡದಿದ್ದರೆ ಅದನ್ನು ತಾಳಿಕೊಳ್ಳುವುದನ್ನು ಅವರು ಕಲಿಯುವುದು ಯಾವಾಗ? ಅದರ ಜೊತೆಗೆ ಇನ್ನೊಂದು ನಷ್ಟ. ರೋಗಿ ಗುಣವಾಗಿ ಮನೆಗೆ ಹೊರಟಾಗ ಆ ಸಂತೋಷದಲ್ಲಿ ಯಾರಿಗೂ ಪಾಲಿಲ್ಲ, ಏಕೆಂದರೆ ಆತ ಯಾರ ರೋಗಿಯೂ ಅಲ್ಲ. ದುಃಖಕ್ಕೆ ಕಟ್ಟಿದ ಗೋಡೆ ಸಂತೋಷವನ್ನೂ ಆಚೆಗೇ ನಿಲ್ಲಿಸಿತು. ಕೋರ್ಸ್ ಬಿಟ್ಟು ಹೋಗುವವರು ಕೈಲಾಗದವರು ಎಂದು ಆಸ್ಪತ್ರೆ ತಿಳಿದಿತ್ತು. ಹಾಗೆ ಹೋದವರಲ್ಲಿ ಒಳ್ಳೆಯ ವಿದ್ಯಾರ್ಥಿನಿಯರೇ ಸಾಕಷ್ಟು ಮಂದಿ ಇದ್ದಂತೆ ಆಕೆಗೆ ಕಂಡಿತು. ಮನಸ್ಸು ಬಲಿತವರಿಗೇ ಆ ಗೋಡೆ ಹೆಚ್ಚು ಉಸಿರು ಕಟ್ಟಿಸುತ್ತಿತ್ತು.

ಹಿರಿಯರು–ಕಿರಿಯರ ನಡುವಿನ ಮಾತು ಆಕೆಯ ವರದಿಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ. ಈಗಿನ ಹುಡುಗಿಯರಿಗೆ ಜವಾಬ್ದಾರಿಯೇ ಇಲ್ಲ ಎಂದು ಹಿರಿಯರು. ಸಿಸ್ಟರ್‌ಗಳಿಗೆ ಕರುಣೆಯೇ ಇಲ್ಲ ಎಂದು ಕಿರಿಯರು. ಅದೇ ಹಿರಿಯರು ವಿದ್ಯಾರ್ಥಿನಿಯರಾಗಿದ್ದಾಗ ಹೇಗಿದ್ದರೋ! ಪ್ರತಿಯೊಬ್ಬ ನರ್ಸ್‌ನ ಒಳಗೂ ಜವಾಬ್ದಾರಿಯೂ ಇದೆ, ಅದನ್ನು ಎಸೆದು ಓಡಿಹೋಗಬೇಕೆಂಬ ಆಸೆಯೂ ಇದೆ. ಒಳಗಿನ ಆ ಜಗಳವನ್ನು ಹೊರಗೆ ಹಾಕಿ, ಒಂದು ಪಾತ್ರವನ್ನು ಮೇಲಿನವರಿಗೂ ಇನ್ನೊಂದನ್ನು ಕೆಳಗಿನವರಿಗೂ ಹಂಚಿಬಿಟ್ಟಿದ್ದಾರೆ ಎಂದು ಆಕೆ ಬಿಡಿಸಿದರು. 'ನಾವೂ ಹೀಗೇ ಕಲಿತದ್ದು, ನೀವೂ ಕಲೀರಿ' ಎಂಬ ಮಾತನ್ನು ಕೇಳದೆ ಡಾಕ್ಟರೋ ನರ್ಸೋ ಆದವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರು?

ವರದಿ 1959–60ರಲ್ಲಿ 'ಹ್ಯೂಮನ್ ರಿಲೇಷನ್ಸ್' ಎಂಬ ಪತ್ರಿಕೆಯಲ್ಲಿ ಅಚ್ಚಾಯಿತು. ಅದರಲ್ಲಿ ಮೆಲನಿ ಕ್ಲೈನ್ ಪಂಥದ ಮನೋವಿಶ್ಲೇಷಣೆ ಬಹಳಷ್ಟಿದೆ. ನರ್ಸ್‌ನ ಭಯಕ್ಕೆ ಹಸುಗೂಸಿನ ಕಾಲದ ಕಲ್ಪನೆಗಳಲ್ಲಿ ಬೇರು ಹುಡುಕುವ ಪುಟಗಳು. ಅದನ್ನು ಪಕ್ಕಕ್ಕಿಟ್ಟರೂ ಆಕೆ ವಾರ್ಡಿನಲ್ಲಿ ಕಂಡದ್ದು ಹಾಗೇ ನಿಲ್ಲುತ್ತದೆ. ಇನ್ನು ಆಸ್ಪತ್ರೆ? ದೊಡ್ಡ ಬದಲಾವಣೆಗೆ ಅದು ಕೈಹಾಕಲಿಲ್ಲ. ಅದಕ್ಕೂ ಆಕೆಯ ಬಳಿ ಕಾರಣವಿತ್ತು: ಭಯವನ್ನು ಅಡಗಿಸುವ ವ್ಯವಸ್ಥೆಯನ್ನು ಬದಲಿಸುವುದೆಂದರೆ ಅಡಗಿದ್ದ ಭಯವನ್ನು ಎಬ್ಬಿಸುವುದು, ಆಸ್ಪತ್ರೆಗಳಿಗೆ ಅದೇ ಎಲ್ಲಕ್ಕಿಂತ ದೊಡ್ಡ ಭಯ.

ಹೀಗೆ ಸಿಕ್ಕಿದ ಸತ್ಯ ಕೈತಪ್ಪಿತು. ಹದಿನಾಲ್ಕು–ಹದಿನೈದು ವರ್ಷದ ನಂತರ ನ್ಯೂಯಾರ್ಕಿನಲ್ಲಿ ಅದು ಬೇರೆ ವೇಷದಲ್ಲಿ ಸಿಕ್ಕಿತು. ನಾಜಿಗಳಿಂದ ತಪ್ಪಿಸಿಕೊಂಡು ಹುಡುಗನಾಗಿ ಜರ್ಮನಿ ಬಿಟ್ಟಿದ್ದ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞ ಹಗಲು ತನ್ನ ಪ್ರಾಕ್ಟೀಸ್ ಮುಗಿಸಿ, ರಾತ್ರಿ ಮಾದಕವ್ಯಸನಿಗಳಿಗಾಗಿ ನಡೆಯುವ ಉಚಿತ ಕ್ಲಿನಿಕ್ಕಿನಲ್ಲಿ ದುಡಿಯುತ್ತಿದ್ದ. ಉತ್ಸಾಹದಿಂದ ಬಂದ ಸ್ವಯಂಸೇವಕರು ವರ್ಷ ಕಳೆಯುವಷ್ಟರಲ್ಲಿ ಸಿಡುಕರಾಗುವುದನ್ನು, ರೋಗಿಗಳನ್ನೇ ಹಳಿಯುವುದನ್ನು ಕಂಡ. ಕೊನೆಗೆ ತಾನೇ ಕುಸಿದ. ಮನೆಮಂದಿಯ ಜೊತೆ ರಜೆಗೆ ಹೊರಡಬೇಕಿದ್ದ ದಿನ ಹಾಸಿಗೆಯಿಂದ ಏಳಲಾಗಲಿಲ್ಲ. ತನ್ನ ಮಾತನ್ನೇ ಟೇಪ್ ರೆಕಾರ್ಡರಿನಲ್ಲಿ ತುಂಬಿಸಿ, ರೋಗಿಯ ಮಾತೆಂಬಂತೆ ಮತ್ತೆ ಕೇಳಿಸಿಕೊಂಡನಂತೆ. 1974ರಲ್ಲಿ ಆತ ಬರೆದ ಲೇಖನದಿಂದ 'ಬರ್ನ್‌ಔಟ್' ಎಂಬ ಮಾತು ಎಲ್ಲರ ಬಾಯಿಗೆ ಬಂತು. ಬರ್ಕ್ಲಿಯ ಕ್ರಿಸ್ಟೀನಾ ಮಾಸ್ಲಾಕ್ 1981ರಲ್ಲಿ ಅದನ್ನು ಅಳೆಯುವ ಪ್ರಶ್ನಾವಳಿ ತಂದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆಯೆಂದು ವರ್ಗೀಕರಿಸದೆ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಗುರುತಿಸಿತು.

ಅಳತೆಗೋಲು ಬಂದದ್ದು ಒಳ್ಳೆಯದೇ. ಅದರ ಜೊತೆ ಒಂದು ತಂಟೆಯೂ ಬಂತು. ಮೆಂಜೀಸ್ ವಾರ್ಡನ್ನು ನೋಡಿದ್ದರು, ಪ್ರಶ್ನಾವಳಿ ಮನುಷ್ಯನನ್ನು ನೋಡುತ್ತದೆ. ಅಂಕ ಹೆಚ್ಚು ಬಂದವಳಿಗೆ ಏನಾದರೂ ಮಾಡಿಸಬೇಕು. ಹಾಗಾಗಿ ಒತ್ತಡ ನಿರ್ವಹಣಾ ಕಾರ್ಯಾಗಾರ ಬಂತು, ಪ್ರಾಣಾಯಾಮ ಬಂತು, ದೀಪ ಬೆಳಗಿಸುವ ಉದ್ಘಾಟನೆಯೂ ಬಂತು. ಅದೂ ವಾರಕ್ಕೊಮ್ಮೆ ಸಿಗುವ ಬಿಡುವಿನ ದಿನದಲ್ಲಿ! ಯೋಗದ ಬಗ್ಗೆ ನನಗೆ ತಕರಾರಿಲ್ಲ; ಮೂವತ್ತಾರು ಗಂಟೆ ನಿಂತವಳಿಗೆ ಬೇಕಾದ ಆಸನ ಯಾವುದೆಂದು ಎಲ್ಲರಿಗೂ ಗೊತ್ತು.

ಆದರೂ ಒಂದು ಅನುಮಾನ ಉಳಿದಿತ್ತು. ಸೂಕ್ಷ್ಮ ಮನಸ್ಸಿನವರೇ, ಮೊದಲೇ ನೊಂದವರೇ ವೈದ್ಯಕೀಯಕ್ಕೆ ಬರುತ್ತಾರೆ ಎಂದಿಟ್ಟುಕೊಳ್ಳೋಣ. ಆಗ ತರಬೇತಿಯನ್ನು ದೂರುವುದೇಕೆ? ಇದನ್ನು ಬಗೆಹರಿಸಲು ಒಂದೇ ದಾರಿ: ಡ್ಯೂಟಿ ಶುರುವಾಗುವ ಮೊದಲೇ ಅಳೆಯಬೇಕು. ಅಮೆರಿಕದ ಮಿಷಿಗನ್ನಿನಲ್ಲಿರುವ ಮನೋವೈದ್ಯ ಶ್ರೀಜನ್ ಸೇನ್ ಮತ್ತು ಸಂಗಡಿಗರು 740 ಹೊಸ ಇಂಟರ್ನ್‌ಗಳಿಗೆ ಕೆಲಸಕ್ಕೆ ಸೇರುವ ಮುನ್ನ ಖಿನ್ನತೆಯ ಪ್ರಶ್ನೆಗಳನ್ನು ಕೇಳಿದರು, ಆಮೇಲೆ ವರ್ಷವಿಡೀ ನಡುನಡುವೆ ಕೇಳುತ್ತ ಹೋದರು. 2010ರಲ್ಲಿ ಫಲಿತಾಂಶ ಪ್ರಕಟವಾಯಿತು. ಸೇರುವ ಮುನ್ನ ಖಿನ್ನತೆಯ ಗೆರೆ ದಾಟಿದ್ದವರು ಶೇ 3.9. ಇಂಟರ್ನ್‌ಶಿಪ್ ನಡೆಯುತ್ತಿದ್ದಾಗ ಸರಾಸರಿ ಶೇ 25.7. ಅದೇ ಜನ, ಅದೇ ಪ್ರಶ್ನೆ. ನಡುವೆ ಬದಲಾದದ್ದು ಅವರ ದಿನಚರಿ. ದುಡಿಯುವ ಗಂಟೆಗಳು ಹೆಚ್ಚಿದಷ್ಟೂ ಅಪಾಯವೂ ಹೆಚ್ಚಿತ್ತು. ಮೆಂಜೀಸ್ ಮಾತಿನಲ್ಲಿ ಕಂಡದ್ದಕ್ಕೆ ಐವತ್ತು ವರ್ಷದ ನಂತರ ಅಂಕಿಯ ಆಧಾರ ಸಿಕ್ಕಿತು.

ಭಾರತಕ್ಕೆ ಇಂಥ ಎಣಿಕೆ ಬಂದದ್ದು ಮೊನ್ನೆ ಮೊನ್ನೆ, ಮತ್ತೆ ನಿಮ್ಹಾನ್ಸ್‌ನ ಕಡೆಯಿಂದಲೇ. ವೈದ್ಯ ವಿದ್ಯಾರ್ಥಿಗಳ ಆತ್ಮಹತ್ಯೆಯ ಸುದ್ದಿಗಳು ಹೆಚ್ಚಿದಾಗ ರಾಷ್ಟ್ರೀಯ ವೈದ್ಯಕೀಯ ಆಯೋಗ ಒಂದು ಕಾರ್ಯಪಡೆ ರಚಿಸಿತು. ಅದರ ಅಧ್ಯಕ್ಷರು ನಿಮ್ಹಾನ್ಸ್‌ನ ಮನೋವೈದ್ಯ ಡಾ. ಸುರೇಶ್ ಬಾಡ ಮಠ್. ಆನ್‌ಲೈನ್ ಸಮೀಕ್ಷೆಗೆ 25,590 ಎಂಬಿಬಿಎಸ್ ವಿದ್ಯಾರ್ಥಿಗಳು, 5,337 ಪಿಜಿಗಳು, 7,035 ಅಧ್ಯಾಪಕರು ಉತ್ತರಿಸಿದರು. 2024ರಲ್ಲಿ ಬಂದ ವರದಿಯ ಪ್ರಕಾರ ಎಂಬಿಬಿಎಸ್‌ನವರಲ್ಲಿ ಶೇ 27.8, ಪಿಜಿಗಳಲ್ಲಿ ಶೇ 15.3 ಮಂದಿ ತಮಗೆ ಮಾನಸಿಕ ಸಮಸ್ಯೆ ಇದೆಯೆಂದು ಹೇಳಿಕೊಂಡಿದ್ದರು. ಆದರೆ ಬದುಕೇ ಬೇಡವೆಂಬ ಯೋಚನೆ ಬಂದದ್ದುಂಟೇ ಎಂಬ ಪ್ರಶ್ನೆಗೆ ಅಂಕಿಗಳು ಅಡಿಮೇಲಾದವು: ಎಂಬಿಬಿಎಸ್‌ನಲ್ಲಿ ಶೇ 16ರಷ್ಟು, ಪಿಜಿಗಳಲ್ಲಿ ಶೇ 31ರಷ್ಟು.

ಈ ಅಡಿಮೇಲನ್ನು ವರದಿಯ ಸುದ್ದಿ ಬರೆದವರು ಅಷ್ಟಾಗಿ ಗಮನಿಸಲಿಲ್ಲ. ಮೇಲೇರಿದಂತೆ ಸಂಕಟ ಹೆಚ್ಚುತ್ತದೆ, ಅದನ್ನು ಕಾಯಿಲೆಯೆಂದು ಒಪ್ಪಿಕೊಳ್ಳುವುದು ಕಡಿಮೆಯಾಗುತ್ತದೆ ಎಂದು ನಾನು ಓದಿಕೊಳ್ಳುತ್ತೇನೆ. ಎಂಬಿಬಿಎಸ್ ಹುಡುಗ ಇನ್ನೂ ಅರ್ಧ ರೋಗಿ, ಅರ್ಧ ಡಾಕ್ಟರ್. ಪಿಜಿ ಪೂರ್ತಿ ಡಾಕ್ಟರ್. ಅವನಿಗೆ ಕಾಯಿಲೆ ಬರಬಾರದು. ಪಿಜಿಗಳಲ್ಲಿ ಶೇ 45ರಷ್ಟು ಮಂದಿ ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡಿಯುತ್ತಿದ್ದರು, ಅರ್ಧಕ್ಕಿಂತ ಹೆಚ್ಚಿನವರಿಗೆ ವಾರದ ರಜೆ ನಿಯಮಿತವಾಗಿ ಸಿಗುತ್ತಿರಲಿಲ್ಲ. ವಾರಕ್ಕೆ 74 ಗಂಟೆ ಮೀರಬಾರದು, ವಾರಕ್ಕೊಂದು ರಜೆ ಇರಬೇಕು, ದಿನಕ್ಕೆ 7–8 ಗಂಟೆ ನಿದ್ದೆ ಸಿಗಬೇಕು, ನಡುವೆ ಸೀಟು ಬಿಟ್ಟವರಿಂದ ದಂಡ ಕಟ್ಟಿಸಿಕೊಳ್ಳುವ ಬಾಂಡ್ ಹೋಗಬೇಕು ಎಂದು ಕಾರ್ಯಪಡೆ ಹೇಳಿತು. 74 ಗಂಟೆ ಎಂಬುದೇ 'ಕಡಿಮೆ ಮಾಡಿದ' ಲೆಕ್ಕ ಎನ್ನುವುದನ್ನು ಗಮನಿಸಿ.

ಈಗ ಮೈಸೂರು ಜಿಲ್ಲೆಯ ಪಡುವಣ ಭಾಗಕ್ಕೆ ಬರೋಣ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಲಕ್ಷ್ಮಣತೀರ್ಥದ ದಂಡೆ, ಹೊಗೆಸೊಪ್ಪಿನ ಹೊಲ, ಬೈಲುಕುಪ್ಪೆಯ ಟಿಬೆಟನ್ ಮಠಗಳು, ಕಾವೇರಿಯ ಗದ್ದೆಬಯಲು, ಕಬಿನಿಯ ಹಿನ್ನೀರು, ನಾಗರಹೊಳೆ–ಬಂಡೀಪುರದ ಕಾಡಂಚಿನಲ್ಲಿ ಜೇನುಕುರುಬ, ಬೆಟ್ಟಕುರುಬ, ಯರವರ ಹಾಡಿಗಳು. ಇಲ್ಲಿ ಆರೋಗ್ಯದ ಕೆಲಸ ಕಲಿಯುವವರು ಒಂದೇ ಬಗೆಯವರಲ್ಲ. ಗ್ರಾಮೀಣ ಪೋಸ್ಟಿಂಗಿಗೆ ಬಂದ ಹೌಸ್ ಸರ್ಜನ್ ಇದ್ದಾನೆ, ನರ್ಸಿಂಗ್ ಮತ್ತು ಎಎನ್‌ಎಂ ಓದುವ ಹುಡುಗಿಯರಿದ್ದಾರೆ. ಎಲ್ಲರಿಗಿಂತ ಹೆಚ್ಚು ಸಂಖ್ಯೆಯಲ್ಲಿ ಆಶಾ ಕಾರ್ಯಕರ್ತೆ ಇದ್ದಾಳೆ. ವರ್ಷವರ್ಷವೂ ಹೊಸ ತರಬೇತಿ, ಹೊಸ ಫಾರಂ, ಹೊಸ ಆ್ಯಪ್ ಬರುವುದರಿಂದ ಆಕೆಯ ಕಲಿಕೆ ಮುಗಿಯುವುದೇ ಇಲ್ಲ.

ಮೆಂಜೀಸ್‌ರ ಶೋಧವನ್ನು ಹಾಗೇ ತಂದು ಇಲ್ಲಿ ಇಟ್ಟರೆ ಅರ್ಧ ಹೊಂದುತ್ತದೆ, ಅರ್ಧ ಹೊಂದುವುದಿಲ್ಲ. ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಹೊಂದುತ್ತದೆ. ಅಲ್ಲಿ ಬೆಡ್ ನಂಬರ್ ಇದೆ, ಕೇಸ್ ಶೀಟ್ ಇದೆ, 'ಅಡ್ಜಸ್ಟ್ ಮಾಡ್ಕೋ' ಎಂಬ ಮಂತ್ರವೂ ಇದೆ. ಹಳ್ಳಿಯ ಆಶಾಳಲ್ಲಿ ಅದು ತಿರುವುಮುರುವಾಗುತ್ತದೆ. 2005ರಲ್ಲಿ ಈ ಹುದ್ದೆ ಹುಟ್ಟಿದಾಗಲೇ ಇದ್ದ ನಿಯಮ: ಆಕೆ ಆ ಊರಿನವಳೇ ಆಗಿರಬೇಕು, ಸುಮಾರು ಸಾವಿರ ಜನಕ್ಕೆ ಒಬ್ಬಳು, ಹಾಡಿಗಳಂಥ ಕಡೆ ವಾಸದ ನೆಲೆಗೊಬ್ಬಳು. ಲಂಡನ್ನಿನ ನರ್ಸ್‌ಗೆ ರೋಗಿ ಅಪರಿಚಿತನಾಗಿಯೇ ಉಳಿಯುವಂತೆ ವ್ಯವಸ್ಥೆ ನೋಡಿಕೊಂಡಿತ್ತು. ಆಶಾಳ ಹತ್ತಿರ ಅಪರಿಚಿತ ಯಾರಿದ್ದಾರೆ? ತಾಯಿ ಕಾರ್ಡಿನಲ್ಲಿರುವ ಹೆಸರು ಅವಳ ಓರಗಿತ್ತಿಯದು, ಜೊತೆಯಲ್ಲಿ ಹೊಗೆಸೊಪ್ಪು ಕಟ್ಟಿದವಳದು, ತನ್ನ ಮಗಳ ಜೊತೆ ಶಾಲೆಗೆ ಹೋದವಳದು. ಆಂಬುಲೆನ್ಸಿನಲ್ಲಿ ಕೈ ಹಿಡಿದುಕೊಂಡು ಹೋದ ಬಸುರಿ ವಾಪಸ್ ಬಾರದಿದ್ದರೆ, ಮರುದಿನ ಆ ಮನೆಯ ಮುಂದೆಯೇ ನೀರಿಗೆ ಹೋಗಬೇಕು. ಅವಳಿಗೆ ಗೋಡೆಯಿಲ್ಲ. ಲಂಡನ್ನಿನವರಿಗೆ ಗೋಡೆಯೇ ಕಾಯಿಲೆಯಾಗಿತ್ತು. ಇವಳಿಗೆ ಒರಗಿಕೊಳ್ಳಲು ಒಂದು ಮೋಟುಗೋಡೆಯೂ ಇಲ್ಲ.

ಅಂಥ ಸಾವಿನ ಮರುದಿನ ವ್ಯವಸ್ಥೆ ಅವಳ ಹತ್ತಿರ ಬರುವುದು ಕಾಗದ ಹಿಡಿದುಕೊಂಡು. ತಾಯಿ ಮರಣವಾದರೆ 24 ಗಂಟೆಯೊಳಗೆ ವರದಿಯಾಗಬೇಕು, ಆಮೇಲೆ ಪರಿಶೀಲನೆ: ಯಾವಾಗ ನೋಂದಣಿಯಾಯಿತು, ಎಷ್ಟು ಸಲ ತಪಾಸಣೆಯಾಯಿತು, ರಕ್ತ ಎಷ್ಟಿತ್ತು, ಆಸ್ಪತ್ರೆಗೆ ಕರೆದುಕೊಂಡು ಹೋಗಲು ತಡವಾದದ್ದೆಲ್ಲಿ. ಇದು ಬೇಕೇ ಬೇಕು. ನಮ್ಮಲ್ಲಿ ತಾಯಂದಿರ ಸಾವು ಇಳಿದಿರುವುದರಲ್ಲಿ ಹೀಗೆ ಕೇಳಿದ್ದರ ಪಾಲೂ ಇದೆ. ಯಾರ ಮೇಲೂ ತಪ್ಪು ಹೊರಿಸಬಾರದು ಎಂದು ಪರಿಶೀಲನೆಯ ಮಾರ್ಗಸೂಚಿಯೇ ಹೇಳುತ್ತದೆ. ಆದರೆ ಸಭೆಯಲ್ಲಿ ಎದ್ದು ನಿಂತು ಉತ್ತರಿಸುವವಳ ಕಾಲು ನಡುಗುವುದನ್ನು ಮಾರ್ಗಸೂಚಿ ತಡೆಯಲಾರದು. ಆ ಸಭೆಗೆ ಮೊದಲು 'ನೀನು ಹೇಗಿದ್ದೀಯಮ್ಮ' ಎಂದು ಕೇಳುವ ಒಂದು ಕಲಂ ಇಲ್ಲ. ಕಲಂ ಇಲ್ಲದಿದ್ದರೂ ಕೇಳುವ ಹಿರಿಯ ಸಿಸ್ಟರ್‌ಗಳು, ಮೆಡಿಕಲ್ ಆಫೀಸರ್‌ಗಳು ಇದ್ದಾರೆ. ಅವರಿರುವ ಪಿಎಚ್‌ಸಿ ಯಾವುದೆಂದು ಸುತ್ತಿನ ಆಶಾಗಳಿಗೆಲ್ಲ ಗೊತ್ತಿರುತ್ತದೆ.

ಕೋವಿಡ್ ಕಾಲದಲ್ಲಿ ಇದು ಈ ಜಿಲ್ಲೆಯಲ್ಲಿ ತೀರಾ ಕಹಿಯಾಗಿ ಬಯಲಾಯಿತು. 2020ರ ಆಗಸ್ಟ್‌ನಲ್ಲಿ ಎಚ್.ಡಿ. ಕೋಟೆಯ ನೆರೆಯ ನಂಜನಗೂಡಿನ ತಾಲ್ಲೂಕು ಆರೋಗ್ಯಾಧಿಕಾರಿಯೊಬ್ಬರು ಆತ್ಮಹತ್ಯೆ ಮಾಡಿಕೊಂಡರು. ಕೆಲಸದ ಒತ್ತಡದ ಪ್ರಶ್ನೆ ಎತ್ತಿ ಜಿಲ್ಲೆಯ ಸರ್ಕಾರಿ ವೈದ್ಯರು ಪ್ರತಿಭಟನೆಗೆ ಇಳಿದರು. ಒಂದು ಸಾವಿಗೆ ಒಂದೇ ಕಾರಣವನ್ನು ಅಂಟಿಸುವುದು ಸರಿಯಲ್ಲ, ನಾನು ಅಂಟಿಸುವುದೂ ಇಲ್ಲ. ಆದರೆ ಅವತ್ತು ಬೀದಿಗಿಳಿದ ವೈದ್ಯರು ಕೇಳಿದ್ದು ಕೌನ್ಸೆಲಿಂಗ್ ಅಲ್ಲ, ಕೆಲಸ ನಡೆಯುವ ರೀತಿ ಬದಲಾಗಲಿ ಎಂದು. ಮೆಂಜೀಸ್ ಹೆಸರನ್ನು ಕೇಳದೆಯೂ ಅವರು ಆಕೆಯ ಮಾತನ್ನೇ ಆಡಿದ್ದರು.

ಇದೇ ಸೀಮೆಯಲ್ಲಿ ಇನ್ನೊಂದು ಕತೆಯೂ ಇದೆ. ಅದನ್ನು ಯಾವಾಗಲೂ ಸೇವೆಯ ಕತೆಯಾಗಿ ಹೇಳುತ್ತಾರೆ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದುತ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ಗೆಳೆಯರನ್ನು ಕೂಡಿಸಿಕೊಂಡು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಡಾಕ್ಟರಾದ ಮೇಲೆ ಅವರು ಹೋದದ್ದು ಎಚ್.ಡಿ. ಕೋಟೆಯ ಹಾಡಿಗಳಿಗೆ. ಬ್ರಹ್ಮಗಿರಿಯಲ್ಲಿ ಶುರುವಾದ ಚಿಕ್ಕ ಕ್ಲಿನಿಕ್ ಕೆಂಚನಹಳ್ಳಿಯ ಆಸ್ಪತ್ರೆಯಾಗಿ, ಆಮೇಲೆ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯಾಗಿ ಬೆಳೆಯಿತು. ನಾನು ಈ ಕತೆಯಲ್ಲಿ ಗಮನಿಸುವುದು ತ್ಯಾಗವನ್ನಲ್ಲ, ಬಹುವಚನವನ್ನು. ಕರೆಂಟಿಲ್ಲದ, ರಸ್ತೆಯಿಲ್ಲದ ಕಡೆಗೆ ಅವರು ಗುಂಪಾಗಿ ಹೋದರು. ಸೋತ ದಿನ ಸೋತೆ ಎಂದು ಹೇಳಿಕೊಳ್ಳಲು ಪಕ್ಕದಲ್ಲಿ ಇನ್ನೊಬ್ಬ ಡಾಕ್ಟರಿದ್ದ. ಅದೇ ತಾಲ್ಲೂಕಿನ ಪಿಎಚ್‌ಸಿಗೆ ಒಬ್ಬನೇ ಬಂದ ಹೊಸ ಡಾಕ್ಟರಿಗೆ ಆ ಒಂದು ಅನುಕೂಲ ಇಲ್ಲ. ಟ್ರಿಸ್ಟ್ ಗಣಿಯಲ್ಲಿ ಕಂಡದ್ದೂ ಇದನ್ನೇ ಅಲ್ಲವೇ, ಸಣ್ಣ ಗುಂಪು ಒಡೆದಲ್ಲಿ ಮನುಷ್ಯ ಒಡೆಯುತ್ತಾನೆ ಎಂದು.

ಸಹಾಯವೇ ಇಲ್ಲ ಎನ್ನುವಂತಿಲ್ಲ. ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ 'ಮನೋಚೈತನ್ಯ'ದ ಹೆಸರಿನಲ್ಲಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಆದರೆ ತಾನು ಡ್ಯೂಟಿ ಮಾಡುವ ಆಸ್ಪತ್ರೆಯ ಕಾರಿಡಾರಿನಲ್ಲಿ, ತಾನೇ ಬರೆದುಕೊಟ್ಟ ಚೀಟಿ ಹಿಡಿದ ಜನರ ಸಾಲಿನಲ್ಲಿ ಕೂರಲು ಯಾವ ನರ್ಸ್ ಒಪ್ಪಿಯಾಳು? ಅವಳಿಗೆ ಹೆಚ್ಚು ಒಗ್ಗುವುದು ಟೆಲಿ ಮನಸ್. 2022ರ ಅಕ್ಟೋಬರ್ 10ರಂದು ಶುರುವಾದ ಈ ಉಚಿತ ಸಹಾಯವಾಣಿಗೂ ನಿಮ್ಹಾನ್ಸೇ ಕೇಂದ್ರ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನೈಟ್ ಡ್ಯೂಟಿಯ ನಡುವೆ, ನರ್ಸಿಂಗ್ ಸ್ಟೇಷನ್ನಿನ ಹಿಂದಿನ ಸ್ಟೋರ್ ರೂಮಿನಿಂದಲೂ. ಕೇಳಿಸಿಕೊಳ್ಳುವವರು ಅಲ್ಲಿ ಸಿಗುತ್ತಾರೆ. ಡ್ಯೂಟಿ ಚಾರ್ಟ್ ಬದಲಾಯಿಸುವ ಅಧಿಕಾರ ಮಾತ್ರ ಅವರಿಗಿಲ್ಲ.

ಆ ಅಧಿಕಾರ ಇರುವವರ ಮುಂದೆ ಇಡಬಹುದಾದ ಅಂಕಿ ಈಗ ವೈದ್ಯ ವಿದ್ಯಾರ್ಥಿಗಳಿಗೆ ಸಿಕ್ಕಿದೆ. 2024ರ ಕಾರ್ಯಪಡೆಯ ವ್ಯಾಪ್ತಿ ಎಂಬಿಬಿಎಸ್, ಪಿಜಿ ಮತ್ತು ಅವರ ಅಧ್ಯಾಪಕರಿಗಷ್ಟೇ ಸೀಮಿತವಾಗಿತ್ತು. ನರ್ಸಿಂಗ್ ವಿದ್ಯಾರ್ಥಿನಿಯರು, ಎಎನ್‌ಎಂ ಕಲಿಯುವವರು, ಆಶಾಗಳು ಆ ಪ್ರಶ್ನಾವಳಿಯ ಹೊರಗಿದ್ದರು; ಆಯೋಗ ವೈದ್ಯರದು, ಹಾಗಾಗಿ ಅದು ಸಹಜವೂ ಹೌದು. ಈ ಶೋಧ ಶುರುವಾದದ್ದೇ ನರ್ಸಿಂಗ್ ಕಲಿಯುತ್ತಿದ್ದ ಹುಡುಗಿಯರಿಂದ. ಹುಣಸೂರಿನಲ್ಲೋ ಕೆ.ಆರ್. ನಗರದಲ್ಲೋ ಇವತ್ತು ಅದೇ ಕೆಲಸ ಕಲಿಯುತ್ತಿರುವ ಹುಡುಗಿಗೆ ಎರಡು ಪ್ರಶ್ನೆ ಕೇಳಿದರೂ ಸಾಕು: ಈ ತಿಂಗಳು ನಿನ್ನನ್ನು ಎಷ್ಟು ವಾರ್ಡಿಗೆ ಹಾಕಿದರು? ನೀನು ನೋಡಿಕೊಂಡ ರೋಗಿಗಳಲ್ಲಿ ಎಷ್ಟು ಜನರ ಹೆಸರು ಗೊತ್ತು?